ಮಲಗುವ ಕೋಣೆ (ಕಟ್ಟಡ ಕಾನೂನು)

ವಾಸದ ಮನೆಯಲ್ಲಿ ಜನರು ನಿದ್ದೆಮಾಡಲು ಯೋಗ್ಯವೆಂದು ಕಟ್ಟಡ, ಆರೋಗ್ಯ ಮತ್ತು ಅಗ್ನಿಸುರಕ್ಷತೆಯ ನಿಯಮಗಳು ಒಪ್ಪುವ ಕೊಠಡಿಯೇ ಕಾನೂನಿನ ಅರ್ಥದಲ್ಲಿ ಮಲಗುವ ಕೋಣೆ. ಮಂಚ ಹಾಕಿದ್ದರಿಂದಾಗಲಿ, ನಕ್ಷೆಯ ಮೇಲೆ ಆ ಹೆಸರು ಬರೆದಿದ್ದರಿಂದಾಗಲಿ ಕೊಠಡಿಗೆ ಈ ಸ್ಥಾನ ದೊರೆಯುವುದಿಲ್ಲ. ಕನಿಷ್ಠ ವಿಸ್ತೀರ್ಣ, ಚಾವಣಿಯ ಎತ್ತರ, ಬೆಳಕು, ಗಾಳಿ, ತುರ್ತಿನಲ್ಲಿ ಹೊರಬರುವ ದಾರಿ, ಎಚ್ಚರಿಕೆಯ ಸಾಧನ ಇವುಗಳ ಆಧಾರದ ಮೇಲೆ ಅದು ನಿರ್ಧಾರವಾಗುತ್ತದೆ. ನಿದ್ರಿಸುವ ವ್ಯಕ್ತಿಗೆ ಹೊಗೆಯ ವಾಸನೆ ತಿಳಿಯದು, ಅಪಾಯ ಗೊತ್ತಾಗುವುದು ತಡ, ಎಚ್ಚರವಾದ ಕೂಡಲೇ ದಿಕ್ಕು ಹೊಳೆಯದು. ಈ ಮಾನದಂಡಗಳಲ್ಲಿ ಬಹುಪಾಲು ಹುಟ್ಟಿರುವುದು ಈ ಅಸಹಾಯಕ ಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡೇ. ಅಳತೆಗಳು ದೇಶದಿಂದ ದೇಶಕ್ಕೆ, ಎಷ್ಟೋ ವೇಳೆ ಊರಿಂದ ಊರಿಗೆ ಬದಲಾಗುತ್ತವೆ.

ಪರಿಭಾಷೆ

ಹೆಚ್ಚಿನ ಕಟ್ಟಡ ಸಂಹಿತೆಗಳು ಮೊದಲು 'ವಾಸಯೋಗ್ಯ ಕೊಠಡಿ' ಎಂಬ ವಿಶಾಲ ವರ್ಗವನ್ನು ನಿರೂಪಿಸುತ್ತವೆ. ಇರುವುದು, ಮಲಗುವುದು, ಉಣ್ಣುವುದು, ಓದುವುದು ಮುಂತಾದ ಕೆಲಸಗಳಿಗೆ ದೀರ್ಘಕಾಲ ಬಳಸುವ ಕೊಠಡಿಗಳು ಈ ವರ್ಗಕ್ಕೆ ಸೇರುತ್ತವೆ. ಬಚ್ಚಲು, ಶೌಚಾಲಯ, ಉಗ್ರಾಣ, ಓಡಾಡುವ ಹಾದಿ, ಯಂತ್ರಗಳನ್ನಿಟ್ಟ ಕೊಠಡಿ ಇದರ ಹೊರಗುಳಿಯುತ್ತವೆ. ಮಲಗುವ ಕೋಣೆ ವಾಸಯೋಗ್ಯ ಕೊಠಡಿಯ ಒಂದು ಉಪವರ್ಗ: ವಾಸಯೋಗ್ಯತೆಯ ಎಲ್ಲ ಷರತ್ತುಗಳೂ ಅದಕ್ಕೆ ಅನ್ವಯಿಸುತ್ತವೆ, ನಿದ್ದೆಗೆ ಸಂಬಂಧಿಸಿದ ಕೆಲವು ಷರತ್ತುಗಳು ಹೆಚ್ಚುವರಿಯಾಗಿ ಸೇರುತ್ತವೆ.

'ಮಾದರಿ ಸಂಹಿತೆ' ಎಂದರೆ ತಜ್ಞ ಸಂಸ್ಥೆ ರೂಪಿಸಿದ ನಿಯಮಗಳ ಸಂಗ್ರಹ. ಸರ್ಕಾರವೋ ಸ್ಥಳೀಯ ಸಂಸ್ಥೆಯೋ ಅಂಗೀಕರಿಸಿದ ಮೇಲಷ್ಟೇ ಅದು ಕಾನೂನಾಗುತ್ತದೆ. 'ಉಪವಿಧಿ' ಎಂದರೆ ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಗೆ ಜಾರಿಗೊಳಿಸಿದ ನಿಯಮ. 'ತುರ್ತು ಹೊರದಾರಿ' ಎಂಬುದು ಬೆಂಕಿಯ ಸಮಯದಲ್ಲಿ ಒಳಗಿನವರು ಹೊರಬರಲು, ರಕ್ಷಕರು ಒಳಹೋಗಲು ಸಾಕಾಗುವಷ್ಟು ದೊಡ್ಡದಾದ ಕಿಟಕಿ ಅಥವಾ ಬಾಗಿಲು.

ಹುಟ್ಟು ಮತ್ತು ಬೆಳವಣಿಗೆ

ಮಲಗುವ ಜಾಗವನ್ನು ಕಾನೂನು ಅಳೆಯತೊಡಗಿದ್ದು 19ನೇ ಶತಮಾನದ ಕೈಗಾರಿಕಾ ನಗರಗಳಲ್ಲಿ. ಇಂಗ್ಲೆಂಡಿನಲ್ಲಿ 1851ರ ಕಾಯ್ದೆಯೊಂದು ಬಡವರು ರಾತ್ರಿ ತಂಗುತ್ತಿದ್ದ ಸಾರ್ವಜನಿಕ ವಸತಿಗೃಹಗಳ ನೋಂದಣಿ ಮತ್ತು ತಪಾಸಣೆಯನ್ನು ಕಡ್ಡಾಯಗೊಳಿಸಿತು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ 1862ರಿಂದ ಚಿಕ್ಕ ಮನೆಗಳ ಒಳಗಾತ್ರವನ್ನು ಅಧಿಕಾರಿಗಳು ಅಳೆದು, ಎಷ್ಟು ಜನ ಮಲಗಬಹುದೆಂಬುದನ್ನು ಬಾಗಿಲಿಗೆ ಬಡಿದ ಲೋಹದ ಫಲಕದಲ್ಲಿ ನಮೂದಿಸುತ್ತಿದ್ದರು. ಎಂಟು ವರ್ಷ ಮೀರಿದ ಪ್ರತಿಯೊಬ್ಬರಿಗೂ 300 ಘನ ಅಡಿ ಗಾಳಿ ಇರಬೇಕೆಂಬುದು ಅಲ್ಲಿನ ಲೆಕ್ಕ. ಮಿತಿ ಮೀರಿದ್ದಾರೆಯೇ ಎಂದು ನೋಡಲು ಇನ್‌ಸ್ಪೆಕ್ಟರುಗಳು ರಾತ್ರಿ ಹೊತ್ತು ಭೇಟಿ ಕೊಡುತ್ತಿದ್ದರು. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆಂಬ ಅಂದಿನ ನಂಬಿಕೆ ನೆಲದ ಅಳತೆಗಿಂತ ಗಾಳಿಯ ಘನಗಾತ್ರಕ್ಕೆ ಹೆಚ್ಚಿನ ಮಹತ್ವ ತಂದುಕೊಟ್ಟಿತ್ತು. ಇಂಗ್ಲೆಂಡಿನಲ್ಲಿ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬೆನ್ನಿಗೆ 1877ರಲ್ಲಿ ಬಂದ ಮಾದರಿ ಉಪವಿಧಿಗಳು, ವಾಸದ ಕೊಠಡಿಯ ಕಿಟಕಿಗಳು ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಿರಬೇಕು, ಅದರಲ್ಲಿ ಅರ್ಧ ತೆರೆಯುವಂತಿರಬೇಕು ಎಂದವು. ನೆಲದ ವಿಸ್ತೀರ್ಣಕ್ಕೆ ತಕ್ಕ ಪ್ರಮಾಣದಲ್ಲಿ ಕಿಟಕಿಯನ್ನು ಗೊತ್ತುಪಡಿಸುವ ಈ ವಿಧಾನ ಇಂದಿಗೂ ಜಗತ್ತಿನ ಬಹುತೇಕ ಸಂಹಿತೆಗಳಲ್ಲಿ ಉಳಿದಿದೆ.

ನ್ಯೂಯಾರ್ಕ್‌ನಲ್ಲಿ ಬಾಡಿಗೆ ವಠಾರಗಳ ಒಳಕೊಠಡಿಗಳು ಕಿಟಕಿಯೇ ಇಲ್ಲದ ಕತ್ತಲೆಗೂಡುಗಳಾಗಿದ್ದವು. 1867ರ ಮೊದಲ ವಠಾರ ಕಾಯ್ದೆ ಹೆಚ್ಚಿನ ಬದಲಾವಣೆ ತರಲಿಲ್ಲ. ಪ್ರತಿ ಕೊಠಡಿಗೂ ಹೊರಗಾಳಿಗೆ ತೆರೆದ ಕಿಟಕಿ ಬೇಕೆಂದು 1879ರ ಕಾಯ್ದೆ ವಿಧಿಸಿದಾಗ, ಕಟ್ಟುವವರು ಎರಡು ಕಟ್ಟಡಗಳ ನಡುವೆ ಇಕ್ಕಟ್ಟಾದ ಗಾಳಿಗಿಂಡಿ ಬಿಟ್ಟು ಅದಕ್ಕೆ ಕಿಟಕಿ ಇಟ್ಟರು. ಆ ಗಿಂಡಿಗಳಲ್ಲಿ ಕಸ ತುಂಬಿತು, ಬೆಂಕಿ ಬಿದ್ದಾಗ ಅವೇ ಹೊಗೆಗೊಳವೆಗಳಾದವು. ಪತ್ರಕರ್ತ ಜೇಕಬ್ ರೀಸ್ 1890ರಲ್ಲಿ ಪ್ರಕಟಿಸಿದ ಸಚಿತ್ರ ಗ್ರಂಥ ಈ ಬದುಕನ್ನು ಸಾರ್ವಜನಿಕರ ಮುಂದಿಟ್ಟಿತು. ಲಾರೆನ್ಸ್ ವೀಲರ್ ಮೊದಲಾದ ಸುಧಾರಕರ ಪ್ರಯತ್ನದಿಂದ ಬಂದ 1901ರ ಕಾಯ್ದೆ, ಪ್ರತಿ ಮನೆಯಲ್ಲಿ ಕನಿಷ್ಠ ಒಂದು ಕೊಠಡಿ 120 ಚದರ ಅಡಿ, ಉಳಿದವು ತಲಾ 70 ಚದರ ಅಡಿ ಇರಬೇಕು, ಎತ್ತರ 9 ಅಡಿಗೆ ಕಡಿಮೆಯಿರಬಾರದು ಎಂದು ನಿಗದಿಪಡಿಸಿತು. ಇದೇ 120 ಮತ್ತು 70ರ ಅಂಕಿಗಳು ಒಂದು ಶತಮಾನದ ನಂತರದ ಅಮೆರಿಕದ ಮಾದರಿ ಸಂಹಿತೆಯಲ್ಲೂ ಕಾಣಿಸಿಕೊಂಡವು.

ಭಾರತದಲ್ಲಿ ಈ ಚಿಂತನೆಗೆ ವೇಗ ಕೊಟ್ಟದ್ದು ಪ್ಲೇಗ್. 1896ರಲ್ಲಿ ಮುಂಬಯಿಯಲ್ಲಿ ರೋಗ ಕಾಣಿಸಿಕೊಂಡ ಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಎದುರಿನ ಕಟ್ಟಡ ಕೊಠಡಿಯ ಬೆಳಕನ್ನು ಮುಚ್ಚದಂತೆ 63½ ಡಿಗ್ರಿಯ ಬೆಳಕಿನ ಕೋನವನ್ನು ಕಾಯ್ದುಕೊಳ್ಳಬೇಕೆಂಬ ನಿಯಮವನ್ನು ಆ ಟ್ರಸ್ಟ್ ಬಳಕೆಗೆ ತಂದಿತು. 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅಗಲವಾದ ರಸ್ತೆ ಮತ್ತು ಮಲ, ಕಸ ಸಾಗಿಸಲು ಮನೆ ಹಿಂಬದಿಯಲ್ಲಿ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳೊಂದಿಗೆ ಬೆಳೆದವು.

20ನೇ ಶತಮಾನದಲ್ಲಿ ರೋಗಾಣುವಿನ ಅರಿವು, ವಿದ್ಯುದ್ದೀಪ ಮತ್ತು ಯಾಂತ್ರಿಕ ಗಾಳಿ ಬಂದ ಮೇಲೆ ಒತ್ತು ನಿಧಾನವಾಗಿ ಗಾಳಿಯಿಂದ ಬೆಂಕಿಯತ್ತ ಸರಿಯಿತು. ತುರ್ತು ಹೊರದಾರಿ ಮತ್ತು ಹೊಗೆ ಎಚ್ಚರಿಕೆಯ ನಿಯಮಗಳು ಬಂದದ್ದು ಈ ಘಟ್ಟದಲ್ಲಿ.

ಅರ್ಹತೆಯ ಅಂಶಗಳು

ಕಾನೂನಿನ ಮಲಗುವ ಕೋಣೆಯ ಅಂಗಾಂಗಗಳನ್ನು ಅತಿ ವಿವರವಾಗಿ ಬಿಡಿಸಿ ಹೇಳಿರುವುದು ಅಮೆರಿಕದ 'ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್'. ಮೂರು ಹಳೆಯ ಸಂಹಿತಾ ಸಂಸ್ಥೆಗಳು ಕೂಡಿ 1994ರಲ್ಲಿ ಸ್ಥಾಪಿಸಿದ ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಇದರ ಕರ್ತೃ. ಮೊದಲ ಆವೃತ್ತಿ ಬಂದದ್ದು 2000ದಲ್ಲಿ, ಪರಿಷ್ಕರಣೆ ಮೂರು ವರ್ಷಕ್ಕೊಮ್ಮೆ. ಹೆಸರಿನಲ್ಲಿ ಅಂತರರಾಷ್ಟ್ರೀಯ ಎಂದಿದ್ದರೂ ಇದು ಬಳಕೆಯಲ್ಲಿರುವುದು ಮುಖ್ಯವಾಗಿ ಅಮೆರಿಕದ ರಾಜ್ಯಗಳಲ್ಲಿ, ಅದೂ ಸ್ಥಳೀಯ ತಿದ್ದುಪಡಿಗಳೊಡನೆ.

ವಿಸ್ತೀರ್ಣ: ಅಡುಗೆಮನೆ ಬಿಟ್ಟು ಪ್ರತಿ ವಾಸಯೋಗ್ಯ ಕೊಠಡಿ ಕನಿಷ್ಠ 70 ಚದರ ಅಡಿ (6.5 ಚದರ ಮೀಟರ್) ಇರಬೇಕು, ಯಾವ ಅಡ್ಡಳತೆಯೂ 7 ಅಡಿಗೆ ಕಡಿಮೆಯಾಗಬಾರದು. 6 ಅಡಿ ಅಗಲ, 15 ಅಡಿ ಉದ್ದದ ಕೊಠಡಿ 90 ಚದರ ಅಡಿಯಾದರೂ ಅಗಲ ಸಾಲದೆ ಅನರ್ಹವಾಗುತ್ತದೆ. ಮನೆಯ ಒಂದು ಕೊಠಡಿಯಾದರೂ 120 ಚದರ ಅಡಿ ಇರಬೇಕೆಂಬ ನಿಯಮವನ್ನು 2015ರ ಆವೃತ್ತಿಯಲ್ಲಿ ಕೈಬಿಡಲಾಯಿತು. ಕಟ್ಟಿದ ಮನೆಗಳ ನಿರ್ವಹಣೆಗೆ ಸಂಬಂಧಿಸಿದ ಸಹೋದರ ಸಂಹಿತೆ, ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಲಗುವುದಾದರೆ ತಲಾ 50 ಚದರ ಅಡಿ ಬೇಕೆನ್ನುತ್ತದೆ.

ಎತ್ತರ: ಚಾವಣಿ ಕನಿಷ್ಠ 7 ಅಡಿ ಎತ್ತರದಲ್ಲಿರಬೇಕು. ಇಳಿಜಾರು ಮಾಡಿನ ಕೆಳಗಿನ ಕೋಣೆಗೆ ಬೇರೆ ಲೆಕ್ಕವಿದೆ: 5 ಅಡಿಗಿಂತ ತಗ್ಗಾದ ಭಾಗವನ್ನು ವಿಸ್ತೀರ್ಣಕ್ಕೆ ಸೇರಿಸುವಂತಿಲ್ಲ, ಅಗತ್ಯ ವಿಸ್ತೀರ್ಣದ ಅರ್ಧದಷ್ಟಾದರೂ 7 ಅಡಿ ಎತ್ತರ ಹೊಂದಿರಬೇಕು.

ಬೆಳಕು ಮತ್ತು ಗಾಳಿ: ಕಿಟಕಿಯ ಗಾಜು ನೆಲದ ವಿಸ್ತೀರ್ಣದ ಶೇ. 8ರಷ್ಟಿರಬೇಕು, ತೆರೆಯುವ ಭಾಗ ಶೇ. 4ರಷ್ಟಿರಬೇಕು. ಅಂದರೆ 100 ಚದರ ಅಡಿಯ ಕೋಣೆಗೆ 8 ಚದರ ಅಡಿ ಗಾಜು, 4 ಚದರ ಅಡಿ ತೆರಪು. ನಿಗದಿತ ಸಾಮರ್ಥ್ಯದ ಯಾಂತ್ರಿಕ ಗಾಳಿ ವ್ಯವಸ್ಥೆ ಮತ್ತು ಕೃತಕ ದೀಪಗಳಿದ್ದರೆ ಈ ಪ್ರಮಾಣಗಳಿಂದ ವಿನಾಯಿತಿ ಸಿಗುತ್ತದೆ. ತುರ್ತು ಹೊರದಾರಿಯ ನಿಯಮಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ತುರ್ತು ಹೊರದಾರಿ: ಮಲಗುವ ಕೋಣೆಯನ್ನು ಇತರ ವಾಸಯೋಗ್ಯ ಕೊಠಡಿಗಳಿಂದ ಬೇರ್ಪಡಿಸುವ ಮುಖ್ಯ ಅಂಶ ಇದು. ಪ್ರತಿ ಮಲಗುವ ಕೋಣೆಗೂ ನೇರವಾಗಿ ಹೊರಕ್ಕೆ ತೆರೆಯುವ ಕಿಟಕಿ ಅಥವಾ ಬಾಗಿಲು ಇರಬೇಕು. ಬೀಗದ ಕೈ, ಉಪಕರಣ ಅಥವಾ ವಿಶೇಷ ತಿಳಿವಳಿಕೆ ಬೇಕಾಗದಂತೆ ಅದು ಒಳಗಿನಿಂದ ತೆರೆಯಬೇಕು. ತೆರೆದಾಗ ಸಿಗುವ ನಿವ್ವಳ ತೆರಪು 5.7 ಚದರ ಅಡಿ (ನೆಲಮಟ್ಟದಲ್ಲಿ 5 ಚದರ ಅಡಿ), ಎತ್ತರ ಕನಿಷ್ಠ 24 ಅಂಗುಲ, ಅಗಲ ಕನಿಷ್ಠ 20 ಅಂಗುಲ. ಕಿಟಕಿಯ ತಳ ನೆಲದಿಂದ 44 ಅಂಗುಲ ಮೀರಬಾರದು. 20 ಅಂಗುಲ ಅಗಲ, 24 ಅಂಗುಲ ಎತ್ತರದ ಕಿಟಕಿಯ ತೆರಪು ಕೇವಲ 3.33 ಚದರ ಅಡಿಯಾಗುವುದರಿಂದ ಎರಡೂ ಕನಿಷ್ಠ ಅಳತೆಗಳನ್ನು ಒಟ್ಟಿಗೆ ಬಳಸುವಂತಿಲ್ಲ. ಅಗಲ 20 ಅಂಗುಲವಾದರೆ ಎತ್ತರ ಸುಮಾರು 41 ಅಂಗುಲ ಬೇಕು. ಉಸಿರಾಟದ ಉಪಕರಣ ಬೆನ್ನಿಗೇರಿಸಿದ ಅಗ್ನಿಶಾಮಕ ಸಿಬ್ಬಂದಿ ಒಳನುಗ್ಗಲು ಸಾಧ್ಯವಾಗಬೇಕೆಂಬುದು ಈ ಅಳತೆಗಳ ಹಿಂದಿನ ಉದ್ದೇಶ.

ಎಚ್ಚರಿಕೆಯ ಸಾಧನ ಮತ್ತು ವಿದ್ಯುತ್ತು: ಪ್ರತಿ ಮಲಗುವ ಕೋಣೆಯ ಒಳಗೆ, ಅದರ ಹೊರಗಿನ ಹಾದಿಯಲ್ಲಿ ಮತ್ತು ಪ್ರತಿ ಅಂತಸ್ತಿನಲ್ಲಿ ಹೊಗೆ ಎಚ್ಚರಿಕೆ ಗಂಟೆ ಇರಬೇಕು. ಇಂಧನ ಉರಿಸುವ ಉಪಕರಣ ಅಥವಾ ಮನೆಗೆ ಹೊಂದಿದ ಗ್ಯಾರೇಜ್ ಇದ್ದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯೂ ಬೇಕು. ತಂತಿಯಲ್ಲಿ ಕಿಡಿ ಹುಟ್ಟಿದರೆ ವಿದ್ಯುತ್ತನ್ನು ಕಡಿದುಹಾಕುವ ರಕ್ಷಣಾ ಸಾಧನವನ್ನು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 1999ರ ಆವೃತ್ತಿ ಮೊದಲು ಕಡ್ಡಾಯ ಮಾಡಿದ್ದು ಮಲಗುವ ಕೋಣೆಗಳಿಗೆ. ಮನೆಯ ಇತರ ಕೊಠಡಿಗಳಿಗೆ ಅದು ವಿಸ್ತರಿಸಿದ್ದು ನಂತರ.

ಶಾಖ: ಚಳಿ ಪ್ರದೇಶಗಳಲ್ಲಿ ವಾಸಯೋಗ್ಯ ಕೊಠಡಿಯನ್ನು 68 ಡಿಗ್ರಿ ಫ್ಯಾರನ್‌ಹೀಟ್ (20 ಡಿಗ್ರಿ ಸೆಲ್ಸಿಯಸ್) ಉಷ್ಣತೆಯಲ್ಲಿಡಬಲ್ಲ ಶಾಶ್ವತ ವ್ಯವಸ್ಥೆ ಬೇಕು.

ಪ್ರವೇಶ ಮತ್ತು ಏಕಾಂತ: ನಿರ್ವಹಣಾ ಸಂಹಿತೆಯ ಪ್ರಕಾರ, ಎರಡು ಅಥವಾ ಹೆಚ್ಚು ಮಲಗುವ ಕೋಣೆಗಳ ಮನೆಯಲ್ಲಿ ಒಂದು ಮಲಗುವ ಕೋಣೆಯ ಮೂಲಕವೇ ಇನ್ನೊಂದಕ್ಕೆ ಹೋಗಬೇಕಾದ ರಚನೆ ಇರಬಾರದು. ಗ್ಯಾರೇಜಿನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲು ಇಡುವಂತಿಲ್ಲ.

ಬಟ್ಟೆ ಕಪಾಟು: ಗೋಡೆಯೊಳಗೆ ಕಟ್ಟಿದ ಕಪಾಟು ಇಲ್ಲದಿದ್ದರೆ ಮಲಗುವ ಕೋಣೆ ಆಗದು ಎಂಬುದು ಅಮೆರಿಕದ ಮನೆ ಮಾರುಕಟ್ಟೆಯಲ್ಲಿ ವ್ಯಾಪಕ ನಂಬಿಕೆ. ಮಾದರಿ ಸಂಹಿತೆಯಲ್ಲಿ ಇಂಥ ಷರತ್ತಿಲ್ಲ. ಕೆಲವು ಸ್ಥಳೀಯ ನಿಯಮಗಳು ಮತ್ತು ಮಾರಾಟದ ರೂಢಿ ಮಾತ್ರ ಅದನ್ನು ಪರಿಗಣಿಸುತ್ತವೆ.

ವಿವಾದಕ್ಕೊಳಗಾಗುವ ಕೊಠಡಿಗಳು

ನೆಲಮಾಳಿಗೆ: ಕಿಟಕಿ ನೆಲಮಟ್ಟದ ಕೆಳಗಿದ್ದರೆ ಅದರ ಹೊರಗೆ ಬಾವಿಯಂಥ ಗುಂಡಿ ತೋಡಬೇಕು. ಮಾದರಿ ಸಂಹಿತೆಯಂತೆ ಆ ಕಿಟಕಿಗುಂಡಿ 9 ಚದರ ಅಡಿ ಇರಬೇಕು, ಗೋಡೆಯಿಂದ 36 ಅಂಗುಲ ಚಾಚಿರಬೇಕು, 44 ಅಂಗುಲ ಮೀರಿ ಆಳವಿದ್ದರೆ ಏಣಿ ಅಥವಾ ಮೆಟ್ಟಿಲು ಬೇಕು. ನ್ಯೂಯಾರ್ಕ್ ನಗರ ಅರ್ಧಕ್ಕಿಂತ ಹೆಚ್ಚು ಭಾಗ ರಸ್ತೆಮಟ್ಟದ ಕೆಳಗಿರುವ ಅಂತಸ್ತನ್ನು ಪ್ರತ್ಯೇಕ ವರ್ಗವಾಗಿ ಕಂಡು, ಒಂದೆರಡು ಕುಟುಂಬಗಳ ಮನೆಗಳಲ್ಲಿ ಅದನ್ನು ವಾಸಕ್ಕೆ ಬಾಡಿಗೆ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತದ ಶೇಷಭಾಗ ಸುರಿಸಿದ ಮಳೆಗೆ ಆ ನಗರದಲ್ಲಿ ಸತ್ತವರ ಪೈಕಿ 11 ಮಂದಿ ನೆಲಮಾಳಿಗೆಯ ವಾಸಿಗಳಾಗಿದ್ದರು.

ಅಟ್ಟ: ಇಳಿಜಾರು ಮಾಡಿನ ಎತ್ತರದ ಲೆಕ್ಕ, ಮೆಟ್ಟಿಲಿನ ಅಗಲ ಮತ್ತು ತುರ್ತು ಹೊರದಾರಿ ಈ ಮೂರೂ ಸರಿಹೊಂದಿದರೆ ಮಾತ್ರ ಅಟ್ಟ ಮಲಗುವ ಕೋಣೆಯಾಗುತ್ತದೆ.

ಓದುವ ಕೊಠಡಿ ಮತ್ತು ಉಗ್ರಾಣ: ಕಿಟಕಿ ಸಾಲದ ಕೊಠಡಿಗಳನ್ನು ನಕ್ಷೆಯಲ್ಲಿ 'ಸ್ಟಡಿ', 'ಸ್ಟೋರ್' ಎಂದು ಹೆಸರಿಸಿ, ವಾಸ್ತವದಲ್ಲಿ ಮಲಗಲು ಬಳಸುವ ಪರಿಪಾಠ ಹಲವು ದೇಶಗಳಲ್ಲಿ ಇದೆ. ಮನೆಗೆಲಸದವರಿಗೆ ಇಂಥ ಕೊಠಡಿ ಕೊಡುವುದು ಭಾರತದ ನಗರಗಳಲ್ಲಿ ಸಾಮಾನ್ಯ. ಹೆಸರು ಬದಲಾದರೂ ಬಳಕೆ ಬದಲಾಗದಿದ್ದರೆ ನಿಯಮಗಳ ಉಲ್ಲಂಘನೆ ಉಳಿದೇ ಇರುತ್ತದೆ.

ಇತರ ದೇಶಗಳ ಪದ್ಧತಿ

ಇಂಗ್ಲೆಂಡ್: ಇಲ್ಲಿ ಜನದಟ್ಟಣೆಯ ದೃಷ್ಟಿಯಿಂದ ಕೊಠಡಿಯನ್ನು ಅಳೆಯುವ ಸಂಪ್ರದಾಯ ಬಲವಾಗಿದೆ. 1985ರ ವಸತಿ ಕಾಯ್ದೆಯಲ್ಲಿ 110 ಚದರ ಅಡಿ ಮತ್ತು ಮೇಲ್ಪಟ್ಟ ಕೊಠಡಿಗೆ 2, 90ರಿಂದ 110ಕ್ಕೆ 1½, 70ರಿಂದ 90ಕ್ಕೆ 1, 50ರಿಂದ 70ಕ್ಕೆ ½ ಎಂಬ ಜನಸಂಖ್ಯಾ ಪ್ರಮಾಣವಿದೆ. ಒಂದರಿಂದ ಹತ್ತು ವರ್ಷದೊಳಗಿನ ಮಗು ಅರ್ಧ ವ್ಯಕ್ತಿಯಾಗಿ ಎಣಿಕೆಯಾಗುತ್ತದೆ, 50 ಚದರ ಅಡಿಗಿಂತ ಚಿಕ್ಕ ಕೊಠಡಿ ಲೆಕ್ಕಕ್ಕೇ ಬರುವುದಿಲ್ಲ. ಸಂಬಂಧವಿಲ್ಲದವರು ಹಂಚಿಕೊಂಡು ವಾಸಿಸುವ, ಪರವಾನಗಿ ಬೇಕಾದ ಮನೆಗಳಿಗೆ 2018ರ ಅಕ್ಟೋಬರ್ 1ರಿಂದ ಬೇರೆ ಕನಿಷ್ಠ ಮಿತಿ ಜಾರಿಗೆ ಬಂದಿದೆ: ಹತ್ತು ವರ್ಷ ಮೀರಿದ ಒಬ್ಬರಿಗೆ 6.51 ಚದರ ಮೀಟರ್, ಇಬ್ಬರಿಗೆ 10.22, ಹತ್ತು ವರ್ಷದೊಳಗಿನ ಮಗುವಿಗೆ 4.64. ಹೊಸ ಮನೆಗಳಿಗಾಗಿ 2015ರಲ್ಲಿ ಪ್ರಕಟವಾದ ರಾಷ್ಟ್ರೀಯ ವಿಸ್ತೀರ್ಣ ಮಾನದಂಡ, ಒಬ್ಬರ ಕೋಣೆಗೆ 7.5 ಮತ್ತು ಇಬ್ಬರ ಕೋಣೆಗೆ 11.5 ಚದರ ಮೀಟರ್ ಎನ್ನುತ್ತದೆ. ಸ್ಥಳೀಯ ಯೋಜನಾ ಪ್ರಾಧಿಕಾರ ಅಳವಡಿಸಿಕೊಂಡಲ್ಲಿ ಮಾತ್ರ ಇದು ಅನ್ವಯ.

ಜಪಾನ್: 1950ರ ಕಟ್ಟಡ ಮಾನದಂಡ ಕಾಯ್ದೆಯ ಪ್ರಕಾರ ಮನೆಯ ವಾಸದ ಕೊಠಡಿಯ ಬೆಳಕಿನ ಕಿಟಕಿ ನೆಲದ ಏಳನೇ ಒಂದು ಭಾಗ, ಗಾಳಿಯ ತೆರಪು ಇಪ್ಪತ್ತನೇ ಒಂದು ಭಾಗ, ಚಾವಣಿ 2.1 ಮೀಟರ್ ಇರಬೇಕು. ಸಾಕಷ್ಟು ದೀಪದ ಬೆಳಕಿದ್ದರೆ ಕಿಟಕಿಯ ಪ್ರಮಾಣವನ್ನು ಹತ್ತನೇ ಒಂದಕ್ಕೆ ಇಳಿಸಲು 2023ರಿಂದ ಅವಕಾಶವಿದೆ. ಈ ಷರತ್ತು ಪೂರೈಸದ ಕೊಠಡಿಯನ್ನು ಜಾಹೀರಾತಿನಲ್ಲಿ ವಾಸದ ಕೊಠಡಿಯಾಗಿ ಎಣಿಸುವಂತಿಲ್ಲ. ಅದನ್ನು 'ನಾಂದೊ' ಅಥವಾ 'ಸರ್ವಿಸ್ ರೂಮ್' ಎಂದು ಪ್ರತ್ಯೇಕವಾಗಿ ತೋರಿಸಬೇಕು.

ಯುರೋಪ್ ಮತ್ತು ಆಸ್ಟ್ರೇಲಿಯ: ಜರ್ಮನಿಯ ಮಾದರಿ ಕಟ್ಟಡ ನಿಯಮ ವಾಸದ ಕೊಠಡಿಗೆ 2.4 ಮೀಟರ್ ಎತ್ತರ, ನೆಲದ ಎಂಟನೇ ಒಂದು ಭಾಗದಷ್ಟು ಕಿಟಕಿ ಕೇಳುತ್ತದೆ. ಬಾಡಿಗೆಗೆ ಕೊಡುವ ಮನೆಯಲ್ಲಿ ಒಂದು ಮುಖ್ಯ ಕೊಠಡಿಯಾದರೂ 9 ಚದರ ಮೀಟರ್ ವಿಸ್ತೀರ್ಣ ಮತ್ತು 2.2 ಮೀಟರ್ ಎತ್ತರ, ಇಲ್ಲವೇ 20 ಘನ ಮೀಟರ್ ಗಾತ್ರ ಹೊಂದಿರಬೇಕೆಂದು ಫ್ರಾನ್ಸಿನ 2002ರ ಆದೇಶ ಹೇಳುತ್ತದೆ. ಆಸ್ಟ್ರೇಲಿಯದಲ್ಲಿ ಎತ್ತರ 2.4 ಮೀಟರ್, ಬೆಳಕಿಗೆ ನೆಲದ ಶೇ. 10, ಗಾಳಿಗೆ ಶೇ. 5.

ಭಾರತದ ನಿಯಮಗಳು

ಭಾರತದ ಕಟ್ಟಡ ನಿಯಮಗಳು 'ವಾಸಯೋಗ್ಯ ಕೊಠಡಿ'ಯನ್ನು ಆಧಾರವಾಗಿಟ್ಟುಕೊಂಡಿವೆ, ಮಲಗುವ ಕೋಣೆಗೆಂದೇ ಪ್ರತ್ಯೇಕ ವ್ಯಾಖ್ಯೆ ಕೊಡುವುದಿಲ್ಲ. ಕರ್ನಾಟಕದ ಸಾಂಪ್ರದಾಯಿಕ ಮನೆಗಳಲ್ಲಿ ಪಡಸಾಲೆ, ನಡುಮನೆ, ಜಗಲಿಗಳೇ ರಾತ್ರಿ ಮಲಗುವ ಜಾಗಗಳಾಗುತ್ತಿದ್ದವು. ಒಂದೇ ಕೊಠಡಿ ಹಲವು ಕೆಲಸಗಳಿಗೆ ಒದಗುವ ಇಂಥ ವಸತಿಗೆ ಈ ವಿಶಾಲ ವರ್ಗ ಹೊಂದುತ್ತದೆ.

ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂತು. 1983, 2005 ಮತ್ತು 2016ರಲ್ಲಿ ಪರಿಷ್ಕಾರಗೊಂಡಿತು. ಇದು ಮಾದರಿ ಸಂಹಿತೆ. ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ತನ್ನ ನಿಯಮಗಳಲ್ಲಿ ಸೇರಿಸಿಕೊಂಡಾಗ ಮಾತ್ರ ಬಂಧಕ. ಅದರ ಮುಖ್ಯ ಅಳತೆಗಳು ಇವು:

ಒಂದೇ ಕೊಠಡಿಯ ಮನೆಯಲ್ಲಿ ಆ ಕೊಠಡಿ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರ್. ಎರಡು ಕೊಠಡಿಗಳಿದ್ದರೆ ಒಂದು 9.5 ಚದರ ಮೀಟರ್, ಇನ್ನೊಂದು ಕನಿಷ್ಠ 7.5 ಚದರ ಮೀಟರ್ ಮತ್ತು 2.1 ಮೀಟರ್ ಅಗಲ. ಚಾವಣಿಯ ಎತ್ತರ 2.75 ಮೀಟರ್, ಹವಾನಿಯಂತ್ರಿತ ಕೊಠಡಿಯಲ್ಲಿ 2.4 ಮೀಟರ್. ಬಾಗಿಲುಗಳನ್ನು ಬಿಟ್ಟು ಕಿಟಕಿ, ಗವಾಕ್ಷಿಗಳ ತೆರಪು ಒಣ ಬಿಸಿ ಪ್ರದೇಶದಲ್ಲಿ ನೆಲದ ಹತ್ತನೇ ಒಂದು, ತೇವದ ಬಿಸಿ ಪ್ರದೇಶದಲ್ಲಿ ಆರನೇ ಒಂದು, ಸಮಶೀತೋಷ್ಣ ಮತ್ತು ಮಿಶ್ರ ಹವೆಯಲ್ಲಿ ಎಂಟನೇ ಒಂದು, ಶೀತ ಪ್ರದೇಶದಲ್ಲಿ ಹನ್ನೆರಡನೇ ಒಂದು ಭಾಗ. ಈ ತೆರಪುಗಳು ಬಯಲಿಗೆ ಅಥವಾ ತೆರೆದ ಜಗಲಿಗೆ ತೆರೆಯಬೇಕು. ತೆರಪಿನಿಂದ 7.5 ಮೀಟರಿಗಿಂತ ದೂರದ ಭಾಗಕ್ಕೆ ಬೆಳಕಿದೆಯೆಂದು ಭಾವಿಸುವಂತಿಲ್ಲ.

ಕಿಟಕಿಯ ಪ್ರಮಾಣವನ್ನು ಹವಾಮಾನಕ್ಕೆ ಹೊಂದಿಸಿರುವುದು ಭಾರತೀಯ ಸಂಹಿತೆಯ ವೈಶಿಷ್ಟ್ಯ. ಸೆಕೆ ಮತ್ತು ತೇವ ಕೂಡಿರುವಲ್ಲಿ ಗಾಳಿಯಾಡುವುದು ಹೆಚ್ಚು ಬೇಕು. ಒಣ ಬಿಸಿಲಿನಲ್ಲಿ ದೊಡ್ಡ ಕಿಟಕಿ ಧಗೆಯನ್ನು ಒಳಗೆ ತರುತ್ತದೆ. ಆದ್ದರಿಂದ 9.5 ಚದರ ಮೀಟರಿನ ಕೋಣೆಗೆ ಮಂಗಳೂರಿನಂಥ ತೇವದ ಕರಾವಳಿಯಲ್ಲಿ ಸುಮಾರು 1.6 ಚದರ ಮೀಟರ್ ತೆರಪು ಬೇಕಾದರೆ, ಸಮಶೀತೋಷ್ಣ ವಲಯದ ಬೆಂಗಳೂರಿನಲ್ಲಿ ಸುಮಾರು 1.2 ಸಾಕು.

ಗೃಹನಿರ್ಮಾಣದಲ್ಲಿ ಅತಿ ಪರಿಚಿತವಾದ 10 ಅಡಿ ಉದ್ದ, 10 ಅಡಿ ಅಗಲದ ಕೊಠಡಿಯ ವಿಸ್ತೀರ್ಣ 9.29 ಚದರ ಮೀಟರ್. ಅದು 9.5ರ ಮಿತಿಗೆ ಕೊಂಚ ಕಡಿಮೆ ಬೀಳುತ್ತದೆ. ಹೀಗಾಗಿ ಒಂದೇ ಕೊಠಡಿಯ ಮನೆಯಲ್ಲಿ ಅದು ಸಾಲದು, ಎರಡನೆಯ ಕೊಠಡಿಯಾಗಿ ಮಾತ್ರ ಧಾರಾಳವಾಗಿ ಸಲ್ಲುತ್ತದೆ.

ತುರ್ತು ಹೊರದಾರಿಯ ವಿಷಯದಲ್ಲಿ ಭಾರತೀಯ ಸಂಹಿತೆಯ ಒತ್ತು ಬಹುಮಹಡಿ ಕಟ್ಟಡಗಳ ಮೆಟ್ಟಿಲು, ಕಾರಿಡಾರುಗಳ ಮೇಲಿದೆ. ಪ್ರತಿ ಮಲಗುವ ಕೋಣೆಯ ಕಿಟಕಿಯಿಂದ ಜನ ಹೊರಬರುವಂತಿರಬೇಕೆಂಬ ಅಮೆರಿಕದ ಮಾದರಿಯ ಷರತ್ತು ಇಲ್ಲಿ ಸಾಮಾನ್ಯ ಮನೆಗಳಿಗಿಲ್ಲ. ಭದ್ರತೆಗಾಗಿ ಕಿಟಕಿಗಳಿಗೆ ಕಬ್ಬಿಣದ ಸರಳು ಹಾಕುವ ಪದ್ಧತಿ ಇರುವುದರಿಂದ ಹೆಚ್ಚಿನ ಮನೆಗಳಲ್ಲಿ ಕಿಟಕಿಯ ಮೂಲಕ ಪಾರಾಗುವ ಅವಕಾಶವೂ ಇರುವುದಿಲ್ಲ.

ಕರ್ನಾಟಕದಲ್ಲಿ ನಕ್ಷೆ ಮಂಜೂರಾತಿ ಸ್ಥಳೀಯ ಸಂಸ್ಥೆಗಳ ಅಧಿಕಾರ. ಬೆಂಗಳೂರಿನಲ್ಲಿ ಮಹಾನಗರ ಪಾಲಿಕೆಯ 2003ರ ಕಟ್ಟಡ ಉಪವಿಧಿಗಳು ದೀರ್ಘಕಾಲ ಆಧಾರವಾಗಿದ್ದವು. ಪೇಯಿಂಗ್ ಗೆಸ್ಟ್ ವಸತಿಗಳಿಗಾಗಿ ಪಾಲಿಕೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ಪ್ರತಿ ನಿವಾಸಿಗೆ ಕನಿಷ್ಠ 70 ಚದರ ಅಡಿ ಜಾಗ ಮತ್ತು ದಿನಕ್ಕೆ 135 ಲೀಟರ್ ನೀರು ಒದಗಿಸಬೇಕೆಂದಿತು. ಒಂದೇ ಕೋಣೆಯಲ್ಲಿ ಹಲವು ಮಂಚಗಳನ್ನು ಒತ್ತೊತ್ತಾಗಿ ಹಾಕುವ ವಸತಿಗಳಿಗೆ ತಲಾವಾರು ಅಳತೆಯ ಮಿತಿ ಬಂದದ್ದು ಹೀಗೆ.

ಎಣಿಕೆಯ ಉಪಯೋಗಗಳು

ಕಾನೂನಿನ ಮಲಗುವ ಕೋಣೆಗಳ ಸಂಖ್ಯೆ ಕಟ್ಟಡ ಪರವಾನಗಿಯಾಚೆಗೂ ಹಲವು ನಿರ್ಧಾರಗಳಿಗೆ ಆಧಾರ.

ತ್ಯಾಜ್ಯನೀರು: ಅಮೆರಿಕದಲ್ಲಿ ಒಳಚರಂಡಿ ಇಲ್ಲದ ಮನೆಗಳ ಸೆಪ್ಟಿಕ್ ವ್ಯವಸ್ಥೆಯ ಗಾತ್ರ ನಿಗದಿಯಾಗುವುದು ಬಚ್ಚಲುಗಳ ಸಂಖ್ಯೆಯಿಂದಲ್ಲ, ಮಲಗುವ ಕೋಣೆಗಳ ಸಂಖ್ಯೆಯಿಂದ. ಮನೆಯಲ್ಲಿ ಎಷ್ಟು ಜನ ಇರಬಹುದೆಂಬುದಕ್ಕೆ ಅದು ಹತ್ತಿರದ ಅಂದಾಜು. ಮ್ಯಾಸಚೂಸೆಟ್ಸ್ ರಾಜ್ಯದ ನಿಯಮ ಪ್ರತಿ ಮಲಗುವ ಕೋಣೆಗೆ ದಿನಕ್ಕೆ 110 ಗ್ಯಾಲನ್ (ಸುಮಾರು 416 ಲೀಟರ್) ಹರಿವನ್ನು ಲೆಕ್ಕ ಹಾಕುತ್ತದೆ. ಏಕಾಂತ, 70 ಚದರ ಅಡಿ ನೆಲ, ನಿಗದಿತ ಎತ್ತರ, ವಿದ್ಯುತ್ತು, ಗಾಳಿ, ಕನಿಷ್ಠ ಒಂದು ಕಿಟಕಿ ಇದ್ದರೆ ಅದು ಅಲ್ಲಿ ಮಲಗುವ ಕೋಣೆ. ಎಂಟಕ್ಕಿಂತ ಹೆಚ್ಚು ಕೊಠಡಿಗಳ ಒಂಟಿ ಮನೆಯಲ್ಲಿ ಒಟ್ಟು ಕೊಠಡಿಗಳನ್ನು ಎರಡರಿಂದ ಭಾಗಿಸಿ ಸಂಖ್ಯೆ ಹಿಡಿಯುತ್ತಾರೆ. ಮಾಲೀಕರು ಸ್ಟಡಿ ಎಂದು ಕರೆದ ಕೊಠಡಿಯೂ ಇಲ್ಲಿ ಮಲಗುವ ಕೋಣೆಯಾಗಿ ಎಣಿಕೆಯಾಗಬಹುದು.

ಬಾಡಿಗೆ ಮತ್ತು ನೆರವು: ಪ್ರತಿ ಮಲಗುವ ಕೋಣೆಗೆ ಇಬ್ಬರು ಎಂಬ ಮಿತಿ ಸಾಮಾನ್ಯವಾಗಿ ಸಮಂಜಸ ಎಂದು ಅಮೆರಿಕದ ವಸತಿ ಇಲಾಖೆಯ 1991ರ ಟಿಪ್ಪಣಿ ಹೇಳಿತು. 1998ರಲ್ಲಿ ಅದು ಇಲಾಖೆಯ ಅಧಿಕೃತ ನೀತಿಯಾಯಿತು. ಬ್ರಿಟನ್ನಿನಲ್ಲಿ 2013ರ ಏಪ್ರಿಲ್ 1ರಿಂದ, ಸಾಮಾಜಿಕ ವಸತಿಯ ಬಾಡಿಗೆದಾರರಲ್ಲಿ ಅಗತ್ಯಕ್ಕಿಂತ ಒಂದು ಕೋಣೆ ಹೆಚ್ಚಿದ್ದರೆ ನೆರವಿಗೆ ಅರ್ಹವಾದ ಬಾಡಿಗೆಯಲ್ಲಿ ಶೇ. 14, ಎರಡು ಅಥವಾ ಹೆಚ್ಚಿದ್ದರೆ ಶೇ. 25 ಕಡಿತ ಜಾರಿಗೆ ಬಂತು. ಜನರ ಮಾತಿನಲ್ಲಿ 'ಬೆಡ್‌ರೂಮ್ ತೆರಿಗೆ' ಎನಿಸಿಕೊಂಡ ಈ ನಿಯಮದಲ್ಲಿ ಮಲಗುವ ಕೋಣೆಯ ವ್ಯಾಖ್ಯೆಯೇ ಇರಲಿಲ್ಲ. ಪದಕ್ಕೆ ಅದರ ಸಾಮಾನ್ಯ ಅರ್ಥವೇ ಇರಬೇಕು, ಗಾತ್ರ, ವಿನ್ಯಾಸ, ಪ್ರವೇಶ, ಬೆಳಕು, ಗಾಳಿ, ಏಕಾಂತಗಳನ್ನು ಪರಿಗಣಿಸಬೇಕು ಎಂದು 2014ರಲ್ಲಿ ಮೇಲಿನ ನ್ಯಾಯಮಂಡಳಿಯ ಮೂವರು ಸದಸ್ಯರ ಪೀಠ ತೀರ್ಮಾನಿಸಿತು.

ಮಾರಾಟ: ಅಮೆರಿಕದ ಮೌಲ್ಯಮಾಪನದಲ್ಲಿ ನೆಲಮಟ್ಟದ ಕೆಳಗಿನ ವಿಸ್ತೀರ್ಣವನ್ನು ಮೇಲಿನದರೊಡನೆ ಕೂಡಿಸುವುದಿಲ್ಲ. ಈ ವಿಧಾನವನ್ನು ಹೇಳುವ ಅಳತೆಯ ಮಾನದಂಡವನ್ನು ಗೃಹಸಾಲ ಸಂಸ್ಥೆ ಫ್ಯಾನಿ ಮೇ 2022ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿತು. ಭಾರತದಲ್ಲಿ 'ಬಿಎಚ್‌ಕೆ' (ಬೆಡ್‌ರೂಮ್, ಹಾಲ್, ಕಿಚನ್) ಎಂಬುದು ಮಾರುಕಟ್ಟೆಯ ರೂಢಿಮಾತು, ಅದಕ್ಕೆ ಕಾನೂನಿನ ವ್ಯಾಖ್ಯೆ ಇಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ ವ್ಯಾಖ್ಯಾನಿಸಿರುವುದು ಕಾರ್ಪೆಟ್ ಏರಿಯಾವನ್ನು: ಹೊರಗೋಡೆ, ಸೇವಾ ಕೊಳವೆಗಳ ಜಾಗ, ಬಾಲ್ಕನಿ, ತೆರೆದ ತಾರಸಿ ಬಿಟ್ಟು, ಒಳಗೋಡೆಗಳನ್ನು ಸೇರಿಸಿದ ಬಳಕೆಯೋಗ್ಯ ನೆಲ. ಸುಳ್ಳು ಜಾಹೀರಾತನ್ನು ನಂಬಿ ನಷ್ಟಕ್ಕೊಳಗಾದ ಖರೀದಿದಾರರಿಗೆ ಪರಿಹಾರ ಕೊಡಬೇಕೆಂದು ಅದರ 12ನೇ ಕಲಮು ಹೇಳುತ್ತದೆ.

ಜನಗಣತಿ: ಭಾರತದ ಜನಗಣತಿ 'ವಾಸದ ಕೊಠಡಿ'ಯನ್ನು ನಿದ್ದೆಯ ಅಳತೆಯಿಂದಲೇ ಗುರುತಿಸುತ್ತದೆ. ಒಬ್ಬ ವ್ಯಕ್ತಿ ಮಲಗಲು ಸಾಕಾಗುವಂತೆ ಅದು ಕನಿಷ್ಠ 2 ಮೀಟರ್ ಉದ್ದ, 1.5 ಮೀಟರ್ ಅಗಲ, 2 ಮೀಟರ್ ಎತ್ತರ ಇರಬೇಕು. ಒಂದೇ ಕೊಠಡಿಯನ್ನು ಮೂವರಿಗಿಂತ ಹೆಚ್ಚು ಜನ ಹಂಚಿಕೊಂಡರೆ ವಾಸದ ಜಾಗ ಸಾಲದು ಎಂಬುದು ವಿಶ್ವಸಂಸ್ಥೆ ಕೊಳೆಗೇರಿ ಕುಟುಂಬವನ್ನು ಗುರುತಿಸಲು ಬಳಸುವ ಸೂಚಕಗಳಲ್ಲಿ ಒಂದು.

ಜಾರಿ ಮತ್ತು ಪರಿವರ್ತನೆ

ಹೊಸ ಮನೆಯಲ್ಲಿ ಪರಿಶೀಲನೆ ಎರಡು ಹಂತಗಳಲ್ಲಿ ನಡೆಯುತ್ತದೆ: ನಕ್ಷೆ ಮಂಜೂರಾತಿಯ ವೇಳೆ ಮತ್ತು ಕಟ್ಟಿ ಮುಗಿದ ಮೇಲೆ ಸ್ವಾಧೀನಾನುಭವ ಪತ್ರ ಕೊಡುವಾಗ. ಹಳೆಯ ಕಟ್ಟಡಗಳಿಗೆ ಸಾಮಾನ್ಯವಾಗಿ ಅವು ಕಟ್ಟಿದ ಕಾಲದ ನಿಯಮವೇ ಅನ್ವಯ. ಆದರೆ ಗ್ಯಾರೇಜ್, ಅಟ್ಟ ಅಥವಾ ನೆಲಮಾಳಿಗೆಯನ್ನು ಮಲಗುವ ಕೋಣೆಯಾಗಿ ಪರಿವರ್ತಿಸಿದರೆ ಅದು ಹೊಸ ಬಳಕೆ ಎನಿಸಿ, ಚಾಲ್ತಿಯಲ್ಲಿರುವ ನಿಯಮಗಳಿಗೆ ಒಳಪಡುತ್ತದೆ. ಪರವಾನಗಿಯಿಲ್ಲದ ಪರಿವರ್ತನೆಗೆ ದಂಡ ಅಥವಾ ತೆರವಿನ ಆದೇಶ ಬರಬಹುದು, ವಿಮೆಯ ಪರಿಹಾರಕ್ಕೆ ತೊಡಕಾಗಬಹುದು, ಮಾರುವಾಗ ಆ ಕೋಣೆಯನ್ನು ಲೆಕ್ಕದಿಂದ ಬಿಡಬೇಕಾಗಬಹುದು.

ಇಂದಿನ ಸ್ಥಿತಿ

ಯಾಂತ್ರಿಕ ಗಾಳಿ ಮತ್ತು ಕೃತಕ ಬೆಳಕು ಸುಲಭವಾದ ಮೇಲೆ, ಮಲಗುವ ಕೋಣೆಗೆ ಕಿಟಕಿ ಬೇಕೇ ಎಂಬ ಪ್ರಶ್ನೆ ಮತ್ತೆ ಎದ್ದಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಆವರಣದಲ್ಲಿ ಸುಮಾರು 4,500 ವಿದ್ಯಾರ್ಥಿಗಳಿಗಾಗಿ ಯೋಜಿಸಿದ್ದ 'ಮಂಗರ್ ಹಾಲ್' ವಿದ್ಯಾರ್ಥಿನಿಲಯದಲ್ಲಿ ಬಹುತೇಕ ಮಲಗುವ ಕೋಣೆಗಳಿಗೆ ಕಿಟಕಿ ಇರಲಿಲ್ಲ. 2021ರಲ್ಲಿ ಇದನ್ನು ಪ್ರತಿಭಟಿಸಿ ವಿಶ್ವವಿದ್ಯಾಲಯದ ವಿನ್ಯಾಸ ಸಮಿತಿಯ ಸಲಹೆಗಾರ, ವಾಸ್ತುಶಿಲ್ಪಿ ಡೆನಿಸ್ ಮೆಕ್‌ಫ್ಯಾಡನ್ ಸಮಿತಿಯನ್ನು ತೊರೆದರು. 2023ರಲ್ಲಿ ವಿಶ್ವವಿದ್ಯಾಲಯ ಆ ವಿನ್ಯಾಸವನ್ನು ಬಿಟ್ಟು ಬೇರೆ ಯೋಜನೆಯತ್ತ ಹೊರಳಿತು. ಕೋವಿಡ್ ನಂತರ ಖಾಲಿಯಾದ ಕಚೇರಿ ಕಟ್ಟಡಗಳನ್ನು ವಾಸಕ್ಕೆ ಪರಿವರ್ತಿಸುವಾಗಲೂ ಇದೇ ತೊಡಕು ಎದುರಾಗುತ್ತದೆ: ಅಗಲವಾದ ಮಹಡಿಗಳ ನಡುಭಾಗ ಹೊರಗೋಡೆಯಿಂದ ದೂರವಿರುವುದರಿಂದ ಅಲ್ಲಿನ ಕೊಠಡಿಗಳಿಗೆ ಬಯಲಿನ ಬೆಳಕು ತಲುಪುವುದಿಲ್ಲ.

ಇನ್ನೊಂದೆಡೆ ಮನೆಗಳ ಕೊರತೆಯಿಂದಾಗಿ ಅಳತೆಗಳನ್ನು ಸಡಿಲಿಸುವ ಒತ್ತಡವಿದೆ. ಅಮೆರಿಕದಲ್ಲಿ 120 ಚದರ ಅಡಿಯ ನಿಯಮ ಹೋದದ್ದು, ಜಪಾನಿನಲ್ಲಿ ಕಿಟಕಿಯ ಪ್ರಮಾಣ ಇಳಿದದ್ದು ಸಡಿಲಿಕೆಯ ನಿದರ್ಶನಗಳು. ಇದಕ್ಕೆ ವಿರುದ್ಧವಾಗಿ, ಇಂಗ್ಲೆಂಡಿನ ಹಂಚಿಕೆ ಮನೆಗಳ ಮತ್ತು ಬೆಂಗಳೂರಿನ ಪೇಯಿಂಗ್ ಗೆಸ್ಟ್ ವಸತಿಗಳ ತಲಾವಾರು ಮಿತಿಗಳು ಬಿಗಿಯಾಗುವಿಕೆಯ ನಿದರ್ಶನಗಳು. ಭಾರತದಲ್ಲಿ ವಾಸಯೋಗ್ಯ ಕೊಠಡಿಯ ಅಳತೆಗಳು ಸ್ಪಷ್ಟವಾಗಿವೆ. ಕಟ್ಟಿದ ನಂತರದ ಬಳಕೆಯ ತಪಾಸಣೆ, ಪ್ರತ್ಯೇಕ ಮನೆಗಳಿಗೆ ಹೊಗೆ ಎಚ್ಚರಿಕೆಯ ಗಂಟೆ, ಸರಳು ಹಾಕಿದ ಕಿಟಕಿಯಲ್ಲಿ ಒಳಗಿನಿಂದ ತೆರೆಯಬಹುದಾದ ಭಾಗ ಇವು ಇಲ್ಲಿ ಇನ್ನೂ ಸಾರ್ವತ್ರಿಕವಾಗಿಲ್ಲ.